ಓಡುವ ಜೀಪಿನಿಂದ ಬಂದ ಮಾತು

ಕೋಪ ನನ್ನ ಮೂಗಿನ ತುದಿಯಲ್ಲಿರುತ್ತದೆ, ಜಂಬ ಅದಕ್ಕಿಂತ ಒಂದು ಗೇಣು ಮೇಲಿರುತ್ತದೆ ಎಂದು ನಮ್ಮ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಜಂಬ ಪಡುವಂಥ ಕೆಲಸ ಮಾಡಿದವಳು ಜಂಬ ಪಟ್ಟರೆ ತಪ್ಪೇನು? ಅರವತ್ತರ ದಶಕದಲ್ಲಿ, ಯಶವಂತಪುರದ ಆಚೆ ಒಂದು ರೇಡಿಯೋ ಕಾರ್ಖಾನೆಯಲ್ಲಿ ನಾನು ಇಂಜಿನಿಯರ್ ಆಗಿದ್ದೆ. ಓಡುವ ಜೀಪಿನಲ್ಲಿ ಕೂತು ಮಾತಾಡಿದರೂ ಆ ತುದಿಯವರಿಗೆ ಮಾತು ಒಡೆಯದೆ ಕೇಳಿಸುವ ವೈರ್‌ಲೆಸ್ ಸೆಟ್ಟು ಮಾಡಿದವರು ನಾವು. ಪರದೇಶದ ನಕ್ಷೆ ಮುಂದಿಟ್ಟುಕೊಂಡು ಮಾಡಿದ್ದಲ್ಲ. ನಾವೇ ಯೋಚಿಸಿ, ನಾವೇ ಜಗಳವಾಡಿ, ಕೈ ಸುಟ್ಟುಕೊಂಡು ನಾವೇ ಬೆಸುಗೆ ಹಾಕಿ ಮಾಡಿದ್ದು.

ಅಲ್ಲಿಯವರೆಗೆ ನಮ್ಮ ವಿಭಾಗದ ಕೆಲಸ ಏನಿತ್ತು ಗೊತ್ತೇ? ಹಡಗಿನಲ್ಲಿ ಬಂದ ಭಾಗಗಳನ್ನು ಪೆಟ್ಟಿಗೆಯಿಂದ ತೆಗೆದು ಜೋಡಿಸಿ ತಿರುಪು ಬಿಗಿಯುವುದು. ಅದಕ್ಕೆ ಇಂಜಿನಿಯರುಗಳು ಯಾಕೆ ಬೇಕು? ಗಡಿಯಲ್ಲಿ ಓಡಾಡುವ ಜೀಪುಗಳಿಗೆ ಹೊಸ ಸೆಟ್ಟು ಬೇಕು ಎಂದು ಮಿಲಿಟರಿಯವರು ಕೇಳಿದಾಗ ನಮ್ಮ ವಿಭಾಗದ ಮುಖ್ಯಸ್ಥರು ಎದೆ ತಟ್ಟಿ ‘ನಾವೇ ಮಾಡಿಕೊಡುತ್ತೇವೆ’ ಎಂದುಬಿಟ್ಟಿದ್ದರು. ಪೈಪೋಟಿಗೆ ಪರದೇಶದ ಒಂದು ಸೆಟ್ಟೂ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷೆ. ನಾವು ಗೆದ್ದರೆ ಜೀಪುಗಳಿಗೆ ನಮ್ಮ ಸೆಟ್ಟು. ಸೋತರೆ ನಮ್ಮದು ಗೋದಾಮಿನ ಮೂಲೆಗೆ, ನಾವು ಮತ್ತೆ ತಿರುಪು ಬಿಗಿಯುವುದಕ್ಕೆ.

ನಮ್ಮದು ಕೊಡಿಗೇಹಳ್ಳಿಯ ಒಕ್ಕಲು ಮನೆತನ. ಈಗ ಸಹಕಾರನಗರ ಎಂದು ಸಾಲುಸಾಲು ಮನೆ ಎದ್ದಿವೆಯಲ್ಲ, ಆ ಕಡೆಯೆಲ್ಲ ಆಗ ರಾಗಿ ಹೊಲ, ದ್ರಾಕ್ಷಿ ತೋಟ. ಅಪ್ಪನಿಗೂ ಒಂದು ದ್ರಾಕ್ಷಿ ತೋಟವಿತ್ತು. ಮಗಳು ಇಂಜಿನಿಯರಿಂಗ್ ಓದುತ್ತಾಳಂತೆ ಎಂದು ಊರವರು ನಕ್ಕಾಗ ಅಪ್ಪ ಅರಳಿಕಟ್ಟೆಯಲ್ಲೇ ಜೋರಾಗಿ ಹೇಳಿದ್ದ: “ಓದ್ಲಿ ಬಿಡ್ರಲಾ, ನಿಮ್ಮಪ್ಪನ ಗಂಟೇನ್ ಹೋಯ್ತದೆ?” ನನ್ನ ಬಾಯಿ ಎಲ್ಲಿಂದ ಬಂತೆಂದು ಇದರಿಂದಲೇ ತಿಳಿಯಬಹುದು.

ಸೆಟ್ಟಿನ ವಿಷಯ ಸ್ವಲ್ಪ ಹೇಳಲೇಬೇಕು. ರೇಡಿಯೋ ಅಲೆ ತಾನಾಗಿ ಏನನ್ನೂ ಹೇಳುವುದಿಲ್ಲ, ಅದರ ಮೇಲೆ ನಮ್ಮ ಮಾತನ್ನು ಏರಿಸಬೇಕು. ಏರಿಸುವ ಕ್ರಮಕ್ಕೆ ಮಾಡ್ಯುಲೇಷನ್ ಎನ್ನುತ್ತಾರೆ. ಪರದೇಶದ ಸೆಟ್ಟಿನದು ಎ.ಎಂ. ಕ್ರಮ. ಅಂದರೆ ಮಾತಿಗೆ ತಕ್ಕಂತೆ ಅಲೆಯ ಎತ್ತರವನ್ನು ಹೆಚ್ಚುಕಡಿಮೆ ಮಾಡುವುದು. ಒಂದೇ ಕಡೆ ಕೂತ ರೇಡಿಯೋಗೆ ಅದು ಸಾಕು. ಜೀಪು ಓಡತೊಡಗಿತೋ, ಕಥೆಯೇ ಬೇರೆ. ಅಲೆ ನೇರವಾಗಿಯೂ ಹೋಗುತ್ತದೆ, ಗೋಡೆಗೋ ಮರಕ್ಕೋ ತಂತಿಗೋ ಬಡಿದು ಸುತ್ತಿಕೊಂಡೂ ಹೋಗುತ್ತದೆ. ಜೀಪು ಒಂದು ಜಾಗದಲ್ಲಿದ್ದಾಗ ಎರಡೂ ಕೂಡಿ ಬಲವಾಗುತ್ತವೆ, ನಾಲ್ಕು ಹೆಜ್ಜೆ ಮುಂದೆ ಹೋದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಓಡುವ ಜೀಪು ಇಂಥ ಜಾಗಗಳನ್ನು ಒಂದರ ಹಿಂದೊಂದು ದಾಟುವಾಗ ಅಲೆಯ ಎತ್ತರ ಪಟಪಟನೆ ಏರಿಳಿಯುತ್ತದೆ. ಮಾತಿರುವುದೇ ಎತ್ತರದಲ್ಲಿ ಎಂದ ಮೇಲೆ ಮಾತೂ ಚೂರುಚೂರು. ಜೋರಾಗಿ ಓಡಿಸಿದಷ್ಟೂ ಚೂರು ಸಣ್ಣದಾಗುತ್ತದೆ.

ನಮ್ಮದು ಎಫ್.ಎಂ. ಅಲ್ಲಿ ಮಾತಿಗಾಗಿ ಎತ್ತರವನ್ನು ಮುಟ್ಟುವುದೇ ಇಲ್ಲ. ಅಲೆ ಎಷ್ಟು ಬೇಗ ಕಂಪಿಸುತ್ತದೆ ಎಂಬುದನ್ನು ಮಾತಿಗೆ ತಕ್ಕಂತೆ ಹೆಚ್ಚಿಸುತ್ತ, ತಗ್ಗಿಸುತ್ತ ಹೋಗುವುದು. ಕೇಳುವ ತುದಿಯಲ್ಲಿ ಲಿಮಿಟರ್ ಎಂಬ ಒಂದು ಭಾಗವಿರುತ್ತದೆ. ದಾರಿಯಲ್ಲಾದ ಎತ್ತರದ ಏರುಪೇರನ್ನೆಲ್ಲ ಅದು ಕತ್ತರಿಸಿ ಒಂದೇ ಸಮ ಮಾಡುತ್ತದೆ. ಮಾತು ಎತ್ತರದಲ್ಲಿ ಇಲ್ಲವಲ್ಲ, ಹಾಗಾಗಿ ಕತ್ತರಿಸಿದರೂ ಮಾತಿಗೆ ಪೆಟ್ಟಿಲ್ಲ. ಆ ಲಿಮಿಟರ್ ನನ್ನದು. ನಾನೇ ಮಾಡಿದ್ದು. ಯಾರು ಕೇಳಿದರೂ ಕೇಳದಿದ್ದರೂ ಇದನ್ನು ಹೇಳುತ್ತಲೇ ಬಂದಿದ್ದೇನೆ.

ಒಂದು ದಿನ ಅವ್ವನಿಗೂ ಹೇಳಿದೆ. “ತೋಟದ ಆ ತುದೀಲಿರೋ ಅಪ್ಪನ್ನ ಊಟಕ್ಕೆ ಕೂಗ್ತೀಯಲ್ಲ, ಗಾಳಿಗೆ ನಿನ್ನ ದನಿ ಒಂದ್ಸಲ ದೊಡ್ಡದಾಗಿ ಒಂದ್ಸಲ ಸಣ್ಣದಾಗಿ ಕೇಳುತ್ತೆ. ಆದ್ರೂ ನೀನು ಎಳೆಯೋ ರಾಗದಿಂದ ನೀನೇ ಅಂತ ಅಪ್ಪಂಗೆ ಗೊತ್ತಾಗುತ್ತಲ್ವಾ? ನಾವು ಮಾತನ್ನ ಜೋರಿನಲ್ಲಿ ಇಡಲ್ಲ ಕಣವ್ವ, ರಾಗದಲ್ಲಿ ಇಡ್ತೀವಿ.” ಅವ್ವ ಒಲೆಯಿಂದ ತಲೆ ಎತ್ತದೆ, “ಇಷ್ಟಕ್ಕೆ ಅಷ್ಟೊಂದು ವರ್ಷ ಓದ್ಬೇಕಿತ್ತಾ?” ಎಂದಳು.

ಎಫ್.ಎಂ.ಗೂ ಒಂದು ಕೊರತೆಯಿದೆ, ಮುಚ್ಚಿಡುವುದಿಲ್ಲ. ಅಲೆಯ ಬಲ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮಾತು ಪೂರ್ತಿ ಮಾಯ. ಎ.ಎಂ. ನರಳುತ್ತಾ ನರಳುತ್ತಾ ಸಾಯುತ್ತದೆ, ನಮ್ಮದು ಗಟ್ಟಿಯಾಗಿ ಮಾತಾಡುತ್ತಲೇ ಇದ್ದು ಥಟ್ಟನೆ ನಿಲ್ಲುತ್ತದೆ. ಎಲ್ಲಿ ನಿಂತುಬಿಡುತ್ತದೋ ಎಂಬ ಭಯ ನಮಗೆಲ್ಲ ಒಳಗೊಳಗೇ ಇತ್ತು.

ಪರೀಕ್ಷೆ ನಡೆದದ್ದು ಬಳ್ಳಾರಿ ರಸ್ತೆಯಲ್ಲಿ. ಹೆಬ್ಬಾಳದ ಹತ್ತಿರ ಒಂದು ದಿಣ್ಣೆಯ ಮೇಲೆ ತಗಡಿನ ಶೆಡ್ಡು ಹಾಕಿಕೊಂಡು, ಅದರ ಪಕ್ಕದಲ್ಲಿ ಏರಿಯಲ್ ಕಂಬ ನೆಟ್ಟಿದ್ದೆವು. ಜೀಪು ಮಾತಾಡುತ್ತ ಯಲಹಂಕದವರೆಗೆ ಹೋಗಿ ಬರಬೇಕು, ಶೆಡ್ಡಿನಲ್ಲಿ ಕೂತವರು ಕೇಳಿಸಿಕೊಳ್ಳಬೇಕು. ಆ ದಾರಿಯನ್ನು ಆರಿಸಿದವಳು ನಾನೇ. ಇಕ್ಕೆಲದಲ್ಲೂ ದ್ರಾಕ್ಷಿ ತೋಟಗಳು, ತೋಟದ ತುಂಬ ಕಲ್ಲುಕಂಬ, ಕಂಬದಿಂದ ಕಂಬಕ್ಕೆ ಕಬ್ಬಿಣದ ತಂತಿಯ ಚಪ್ಪರ. ರೇಡಿಯೋ ಅಲೆಯನ್ನು ಕಾಡಿಸಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ಬೆಂಗಳೂರಿನಲ್ಲಿ ಇರಲಿಲ್ಲ. ಒಕ್ಕಲಿನವರ ಮಗಳಲ್ಲದೆ ಬೇರೆ ಯಾರಿಗೆ ಹೊಳೆಯುತ್ತಿತ್ತು?

ಕೇಳಿಸಿಕೊಳ್ಳಲು ನಮ್ಮಲ್ಲಿ ಒಬ್ಬ ಹಿರಿಯರಿದ್ದರು. ಊರು ತುಮಕೂರು ರಸ್ತೆಯ ಮಾಕಳಿ. ಫೌಜಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ, ಹವಾಲ್ದಾರರಾಗಿ ನಿವೃತ್ತರಾಗಿ ನಮ್ಮ ಕಾರ್ಖಾನೆ ಸೇರಿದ್ದರು. ಎಲ್ಲರೂ ಹವಾಲ್ದಾರ್ರು ಎಂದೇ ಕರೆಯುತ್ತಿದ್ದೆವು. ಅವರ ಕಿವಿಯನ್ನು ಹೊಗಳದವರಿಲ್ಲ. ಬಿರುಗಾಳಿಯ ಗದ್ದಲದಿಂದಲೂ ಮಾತು ಹೆಕ್ಕುತ್ತಾರೆ ಎನ್ನುತ್ತಿದ್ದರು. ಬೇರೆಯವರ ಮುಂದೆ ನನ್ನನ್ನು ‘ಮೇಡಂ’ ಎನ್ನುತ್ತಿದ್ದರು, ನಾವಿಬ್ಬರೇ ಇದ್ದರೆ ‘ಅಮ್ಮಣ್ಣಿ’.

ಮಿಲಿಟರಿ ಕಡೆಯಿಂದ ಒಬ್ಬ ಮೇಜರು ಬಂದರು. ಮೈಸೂರಿನವರು. ಮಾತು ಕಡಿಮೆ. ವೈರ್‌ಲೆಸ್ಸಿನ ಪದ್ಧತಿಯಂತೆ ನಾನು ಜೀಪಿನಲ್ಲಿ ಕೂತು “ಒನ್, ಟೂ, ತ್ರೀ, ಫೋರ್, ಫೈವ್” ಎಂದು ಎಣಿಸುತ್ತಾ ಹೋದೆ. ಮೊದಲು ಪರದೇಶದ ಸೆಟ್ಟಿನಲ್ಲಿ, ಆಮೇಲೆ ನಮ್ಮದರಲ್ಲಿ. ಶೆಡ್ಡಿಗೆ ಬಂದು ನೋಡಿದರೆ ಎರಡರಲ್ಲೂ ಹವಾಲ್ದಾರ್ರು ಒಂದು ಅಂಕಿಯನ್ನೂ ಬಿಟ್ಟಿಲ್ಲ! ಎರಡಕ್ಕೂ ಪೂರ್ತಿ ಅಂಕ.

ಮೇಜರು ಕೈ ಕಟ್ಟಿಕೊಂಡು ನಿಂತರು. “ಎರಡೂ ಒಂದೇ ಥರ ಕೇಳಿಸುತ್ತೆ ಅಂದ್ಮೇಲೆ ಹೊಸದು ಯಾಕ್ರೀ ಬೇಕು? ಅದು ನಾಲ್ಕು ದೇಶದಲ್ಲಿ ಓಡಿರೋ ಸೆಟ್ಟು. ನಿಮ್ಮದು ಈ ರಸ್ತೆ ಬಿಟ್ಟು ಆಚೆಗೆ ಹೋಗಿಲ್ಲ,” ಎಂದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಮುಖ್ಯಸ್ಥರು ನನ್ನ ಮುಖ ನೋಡಿ ಕಣ್ಣಲ್ಲೇ ಗದರಿದರು. ಅವರೇ ಕಾಡಿ ಬೇಡಿ, ಮುಂದಿನ ವಾರ ಇನ್ನೊಂದು ಪರೀಕ್ಷೆಗೆ ಒಪ್ಪಿಸಿದರು. ಅದೇ ಕೊನೆಯದು ಎಂದು ಹೇಳಿ ಮೇಜರು ಹೊರಟುಹೋದರು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆಗಲು ಸಾಧ್ಯವೇ ಇಲ್ಲದ್ದು ಆಗಿತ್ತು. ದ್ರಾಕ್ಷಿ ಚಪ್ಪರಗಳ ನಡುವೆ ಅಷ್ಟು ಜೋರಾಗಿ ಓಡುವ ಜೀಪಿನಿಂದ ಎ.ಎಂ. ಹಾಗೆ ಕೇಳಿಸಲಾರದು. ನನ್ನ ಲೆಕ್ಕ ತಪ್ಪೇ? ಲೆಕ್ಕವನ್ನು ಮೊದಲಿಂದ ಮಾಡಿ ನೋಡಿದೆ, ಎಲ್ಲೂ ತಪ್ಪಿರಲಿಲ್ಲ.

ಉತ್ತರ ಸಿಕ್ಕಿದ್ದು ಮಾರನೆಯ ದಿನ, ಊಟದ ಹೊತ್ತಿನಲ್ಲಿ. ನಾನು ಕ್ಯಾರಿಯರ್ ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ಹೇಳುವುದು ಹವಾಲ್ದಾರ್ರ ಅಭ್ಯಾಸ. ವಾರ ನೋಡಿ, ಕಾಲ ನೋಡಿ ಹೇಳುತ್ತಿದ್ದರು, ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಅಂದು ನಮ್ಮ ಮನೆಗೆ ನೆಂಟರು ಬಂದಿದ್ದರಿಂದ ಅವ್ವ ಬೇರೆ ಅಡಿಗೆ ಮಾಡಿದ್ದಳು. ಅವರು ಎಂದಿನಂತೆ, “ಇವತ್ತು ಉಪ್ಸಾರು, ಬರ್ಕೊ ಬೇಕಾದ್ರೆ,” ಎಂದರು. ನಾನೂ ಏನೂ ಹೇಳದೆ ಒಂದು ಬಟ್ಟಲು ಬಡಿಸಿದೆ. ಚಪ್ಪರಿಸಿ ತಿಂದು, “ಖಾರ ಸ್ವಲ್ಪ ಜಾಸ್ತಿ ಆಗ್ಯದೆ, ಆದ್ರೂ ಉಪ್ಸಾರು ಅಂದ್ರೆ ನಿಮ್ಮವ್ವಂದೇ,” ಎಂದರು. ತಿಂದದ್ದು ಹುಳಿ! ಗಟ್ಟಿ ಬೇಳೆಹುಳಿ! ನಾನು ತುತ್ತು ಕೈಯಲ್ಲೇ ಹಿಡಿದು ಅವರನ್ನೇ ನೋಡಿದೆ. ಈ ಮನುಷ್ಯ ನಾಲಗೆಯಿಂದ ರುಚಿ ನೋಡುತ್ತಿಲ್ಲ, ಗೊತ್ತಿದ್ದುದನ್ನು ಹೇಳುತ್ತಿದ್ದಾರೆ. ಒನ್, ಟೂ ಆದಮೇಲೆ ತ್ರೀ ಬರುತ್ತದೆಂದು ಯಾರಿಗೆ ಗೊತ್ತಿಲ್ಲ?

ಊಟ ಮುಗಿಯುತ್ತಿದ್ದಂತೆ ಅವರನ್ನು ಶೆಡ್ಡಿನಲ್ಲಿ ಕೂರಿಸಿ ಜೀಪು ಹತ್ತಿದೆ. ಪರದೇಶದ ಸೆಟ್ಟು ಹಚ್ಚಿ, ಚಪ್ಪರಗಳ ಹತ್ತಿರ ಬಂದಾಗ, “ಒನ್, ಟೂ, ತ್ರೀ, ನೈನ್, ಫೈವ್” ಎಂದೆ. ಅದೇ ಜಾಗದಲ್ಲಿ ನಮ್ಮ ಸೆಟ್ಟಿನಲ್ಲೂ ಅದನ್ನೇ ಹೇಳಿ ವಾಪಸು ಬಂದೆ.

“ಮೊದಲನೇದ್ರಲ್ಲಿ ಏನ್ ಬಂತು?”

“ಇನ್ನೇನ್ ಬರ್ತದೆ? ಒನ್, ಟೂ, ತ್ರೀ, ಫೋರ್, ಫೈವ್.”

“ಎರಡನೇದ್ರಲ್ಲಿ?”

“ಅದ್ರಲ್ಲಿ ಫೋರ್ ಬಿಟ್ಟು ನೈನ್ ಅಂದ್ಬುಟ್ಟೆ. ನಿದ್ದೆಗಣ್ಣಾ ಅಮ್ಮಣ್ಣಿ?”

ನಾನು ಕುಣಿಯುವುದೊಂದು ಬಾಕಿ. ಬೇರೆಯವರಾಗಿದ್ದರೆ ಮೆಲ್ಲಗೆ, ಮರ್ಯಾದೆಯಾಗಿ ಹೇಳುತ್ತಿದ್ದರೇನೋ. ನಾನು, “ಎರಡರಲ್ಲೂ ನೈನ್ ಅಂದಿದ್ದೆ! ಆ ಸೆಟ್ಟಿನಲ್ಲಿ ನಿಮಗೆ ಕೇಳಿಸ್ಲೇ ಇಲ್ಲ, ನೀವೇ ಸೇರಿಸಿದ್ರಿ. ಆ ದರಿದ್ರದ ಸೆಟ್ಟನ್ನ ಪಾಸ್ ಮಾಡಿದ್ದು ನೀವೇ!” ಎಂದು ಶೆಡ್ಡು ಹಾರಿಹೋಗುವ ಹಾಗೆ ಕೂಗಿದೆ.

ಅವರ ಮುಖ ಕಪ್ಪಿಟ್ಟಿತು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ಇಷ್ಟು ವರ್ಷ ಕಿವೀಲೇ ಅನ್ನ ತಿಂದೋನು ನಾನು. ನನ್ ಕಿವಿ ಸುಳ್ಳು ಏಳ್ತದೆ ಅಂತ ನಿನ್ನೆ ಮೊನ್ನೆ ಬಂದೋಳ ಕೈಲಿ ಅನ್ನಿಸ್ಕೊಂಡು ಇಲ್ಲಿ ಕೂರಲ್ಲ,” ಎಂದವರೇ ಸೈಕಲ್ ಹತ್ತಿ ಹೊರಟುಬಿಟ್ಟರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮುಖ್ಯಸ್ಥರು ತಲೆಯ ಮೇಲೆ ಕೈ ಹೊತ್ತರು. ಮೇಜರು ಬೇರೆ ಯಾರ ಕಿವಿಯನ್ನೂ ಒಪ್ಪುವುದಿಲ್ಲ, ಮೊದಲ ಪರೀಕ್ಷೆಗೆ ಕೂತವರೇ ಎರಡನೆಯದಕ್ಕೂ ಕೂರಬೇಕೆಂದು ಮೊದಲೇ ಹೇಳಿದ್ದರು. “ಹೋಗಿ ಕರ್ಕೊಂಡ್ ಬಾಮ್ಮ, ನೀನೇ ಓಡಿಸಿದ್ದಲ್ವಾ,” ಎಂದರು. ಭಾನುವಾರ ನಾನು ತುಮಕೂರು ರಸ್ತೆಯ ಬಸ್ಸು ಹಿಡಿದು ಮಾಕಳಿಗೆ ಹೋದೆ.

ಹವಾಲ್ದಾರ್ರು ಜಗಲಿಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದರು. ನನ್ನನ್ನು ಕಂಡು ಪತ್ರಿಕೆಯನ್ನು ಇನ್ನೂ ಮೇಲಕ್ಕೆತ್ತಿದರು. ಅವರ ಹೆಂಡತಿ ಮಾತ್ರ ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ, “ಬಾ ತಾಯಿ, ಕೂತ್ಕೊ. ಮೂರ್ ದಿನದಿಂದ ಈವಯ್ಯ ಯಾರ್ ಮೇಲೋ ಉರ್ಕೊಂಡು ಕೂತವ್ನೆ. ನೀನೇಯಾ ಅದು?” ಎಂದು ಕೇಳಿದರು. ನಾನೂ ಕಾಯಿ ಸುಲಿಯುತ್ತಾ ನಡೆದದ್ದನ್ನೆಲ್ಲ ಹೇಳಿದೆ.

ಆಕೆ ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು. “ಅಯ್ಯೋ ನನ್ನವ್ವ! ಮದುವೆ ಆದಾಗ್ಲಿಂದ ನನ್ ಗತಿ ಇದೇಯಾ. ಅರ್ಧ ಕೇಳ್ತಾನೆ, ಮಿಕ್ಕಿದ್ದು ತಾನೇ ಸೇರ್ಸ್ಕೊಂತಾನೆ. ಓದ್ ತಿಂಗಳು, ಯಶವಂತಪುರದ ಕಡೆ ಓದ್ರೆ ನಮ್ಮಣ್ಣನ ಮನೇಲಿ, ನಾನು ಹಬ್ಬಕ್ಕೆ ಬತ್ತೀನಿ ಅಂತ ಏಳ್ಬಿಟ್ ಬಾ ಅಂದೆ. ಅಲ್ಲೋಗಿ, ಹಬ್ಬಕ್ಕೆ ನೀವೇ ಎಲ್ರೂ ಬರ್ಬೇಕಂತೆ ಅಂತ ಕರೆದ್ಬಂದವ್ನೆ! ಅವ್ರು ಗಾಡಿ ಕಟ್ಕೊಂಡು ಬಂದ್ರು, ನಾನು ಬಟ್ಟೆ ಗಂಟು ಕಟ್ಕೊಂಡು ಬಾಗ್ಲಲ್ಲಿ ನಿಂತಿದ್ದೆ!”

“ಸುಮ್ನಿರೇ, ಸಾಕು,” ಎಂದು ಪತ್ರಿಕೆಯ ಹಿಂದಿನಿಂದ ದನಿ ಬಂತು.

ನಾನು ಎದ್ದು ಹೋಗಿ ಅವರ ಎದುರು ನಿಂತೆ. ಈ ಸಲ ಕೂಗಲಿಲ್ಲ. “ನಿಮ್ಮ ಕಿವಿ ಸುಳ್ಳು ಅಂತ ನಾನು ಹೇಳಿದ್ದಲ್ಲ ಹವಾಲ್ದಾರ್ರೇ. ಅದು ಬಹಳ ಒಳ್ಳೇ ಕಿವಿ, ಅದೇ ತೊಂದರೆ. ಎಂಥ ಕೆಟ್ಟ ಸೆಟ್ಟಾದ್ರೂ ನಿಮ್ಮ ಕೈಗೆ ಬಂದ್ರೆ ಪಾಸಾಗುತ್ತೆ. ಆದ್ರೆ ಸೆಟ್ಟಿನ ಜೊತೆ ನಿಮ್ಮನ್ನೂ ಗಡಿಗೆ ಕಳಿಸ್ತಾರಾ? ಈ ಸಲ ನಾನು ಅಂಕಿ ಎಣಿಸಲ್ಲ. ದಾರೀಲಿ ಕಣ್ಣಿಗೆ ಕಂಡಿದ್ದನ್ನ ಹೇಳ್ತಾ ಹೋಗ್ತೀನಿ. ಕೇಳಿಸಿದ್ದಷ್ಟು ಹೇಳಿ, ಕೇಳಿಸದೇ ಇದ್ದದ್ದನ್ನ ಕೇಳಿಸ್ಲಿಲ್ಲ ಅನ್ನಿ. ಅಷ್ಟೇ.”

ಅವರು ಪತ್ರಿಕೆ ಮಡಿಸಿದರು. “ಅಷ್ಟೇ ಅಂತೀಯ. ಫೌಜಲ್ಲಿ ಇದ್ದಷ್ಟು ದಿನ ಕೇಳಿಸ್ಲಿಲ್ಲ ಅಂತ ಒಂದ್ ಸಲಾನೂ ಅಂದೋನಲ್ಲ ನಾನು. ಅಂಗಂದ್ರೆ ಆಪರೇಟರ್‌ಗೆ ಅವಮಾನ. ಈ ವಯಸ್ಸಲ್ಲಿ ಮೇಜರ್ ಮುಂದೆ ಕೂತು ಕಿವುಡ ಅನ್ನಿಸ್ಕೋಬೇಕಾ?” ಎಂದರು. ಅವರ ಕಣ್ಣು ತುಂಬಿತ್ತು. ಬರುತ್ತೀರೋ ಇಲ್ಲವೋ ಎಂದು ಹೊರಡುವಾಗ ಕೇಳಿದ್ದಕ್ಕೆ, “ನೋಡಾನ” ಎಂದರು.

ಪರೀಕ್ಷೆಯ ದಿನ ಬೆಳಿಗ್ಗೆ ನಾವು ದಿಣ್ಣೆ ಹತ್ತುವಷ್ಟರಲ್ಲಿ ಇಸ್ತ್ರಿ ಮಾಡಿದ ಖಾಕಿ ಷರ್ಟು ತೊಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನನ್ನ ಜೊತೆ ಮಾತಾಡಲಿಲ್ಲ. ಬಂದರಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಏರ್ಪಾಡು ಹೀಗಿತ್ತು. ಜೀಪಿನಲ್ಲಿ ನಾನು ಮತ್ತು ಮೇಜರು. ನಾನು ಹೇಳಿದ್ದನ್ನು ಮೇಜರು ತಾವೇ ಬರೆದುಕೊಳ್ಳುತ್ತಾರೆ. ಶೆಡ್ಡಿನಲ್ಲಿ ಹವಾಲ್ದಾರ್ರು ಕೇಳಿಸಿದ್ದನ್ನು ಬಾಯಿಬಿಟ್ಟು ಹೇಳುತ್ತಾರೆ, ಮೇಜರ ಗುಮಾಸ್ತ ಬರೆದುಕೊಳ್ಳುತ್ತಾನೆ, ನಮ್ಮ ಮುಖ್ಯಸ್ಥರು ಪಕ್ಕದಲ್ಲಿರುತ್ತಾರೆ. ಕೊನೆಯಲ್ಲಿ ಎರಡನ್ನೂ ಹೋಲಿಸಿ ನೋಡುವುದು.

ಮೊದಲು ಪರದೇಶದ ಸೆಟ್ಟು. ಜೀಪು ಹೊರಟಿತು, ನಾನು ಬಾಯಿ ತೆರೆದೆ. “ಎಡಗಡೆ ದ್ರಾಕ್ಷಿ ಚಪ್ಪರ. ಹೆಂಗಸು, ಕೆಂಪು ಸೀರೆ, ತಲೆ ಮೇಲೆ ಹುಲ್ಲಿನ ಹೊರೆ. ಸೈಕಲ್ ಮೇಲೆ ಇಬ್ಬರು, ಹಿಂದೆ ಕೂತೋನ ಕಂಕುಳಲ್ಲಿ ಹುಂಜ.” ಮೇಜರಿಗೆ ನಗು ತಡೆಯಲಾಗಲಿಲ್ಲ. “ಹುಂಜದ ಬಣ್ಣಾನೂ ಹೇಳಿಬಿಡಿ ಮೇಡಂ,” ಎಂದು ಬರೆದುಕೊಂಡರು. ಹೇಳಿದೆ. ಅವರು ಡ್ರೈವರಿಗೆ ಇನ್ನೂ ಜೋರಾಗಿ ಓಡಿಸು ಎಂದರು. ಎಮ್ಮೆ, ಸುಣ್ಣದ ಗಾಡಿ, ಕೊಡೆ ಹಿಡಿದ ಮೇಷ್ಟ್ರು, ಮಗುವಿನ ಮೂಗು ಒರೆಸುತ್ತಿದ್ದ ಅಜ್ಜಿ, ಕಂಡದ್ದೆಲ್ಲ ನನ್ನ ಬಾಯಿಂದ ಆಕಾಶಕ್ಕೆ ಹೋಯಿತು.

ತಿರುಗಿ ಬಂದು ನಮ್ಮ ಸೆಟ್ಟು ಹಚ್ಚಿದೆವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನಗೆ ಆ ಬೂದು ಬಣ್ಣದ ಡಬ್ಬಿಯ ಮೇಲೆ ಅಂಥ ಪ್ರೀತಿ. ಅದನ್ನು ಸವರಿ, ಮತ್ತೆ ಅದೇ ರಸ್ತೆಯಲ್ಲಿ ಹೇಳುತ್ತಾ ಹೋದೆ. ಈಗ ರಸ್ತೆಯಲ್ಲಿ ಬೇರೆ ಜನ, ಬೇರೆ ಗಾಡಿ, ಬೇರೆ ಎಮ್ಮೆ. ಯಲಹಂಕ ಹತ್ತಿರವಾದಂತೆ ರಸ್ತೆ ತಗ್ಗಿಗೆ ಇಳಿಯುತ್ತದೆ. ಅಲೆಯ ಬಲ ಕುಗ್ಗುವುದಾದರೆ ಅಲ್ಲೇ ಕುಗ್ಗಬೇಕು. ಒಂದೇ ಉಸಿರಿಗೆ ಕಂಡದ್ದನ್ನು ಹೇಳಿದೆ. ತಗ್ಗು ದಾಟಿ ಮೇಲೆ ಬಂದೆವು, ಹೇಳುತ್ತಲೇ ಇದ್ದೆ. ಆ ಕಡೆ ಕೇಳಿಸಿತೋ ಇಲ್ಲವೋ ಜೀಪಿನಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು?

ಶೆಡ್ಡಿಗೆ ಬಂದಾಗ ಮುಖ್ಯಸ್ಥರ ಮುಖ ಹುಳ್ಳಗಿತ್ತು. ಹವಾಲ್ದಾರ್ರು ಗೋಡೆ ನೋಡುತ್ತಾ ಕೂತಿದ್ದರು. ಮೇಜರು ಎರಡೂ ಕಡೆಯ ಹಾಳೆ ಹಿಡಿದು ಓದತೊಡಗಿದರು.

ಪರದೇಶದ ಸೆಟ್ಟಿನ ಹಾಳೆಯಲ್ಲಿ ಹೆಂಗಸು ಬಂದಿದ್ದಳು, ಸೀರೆ ಬಂದಿರಲಿಲ್ಲ. ಸೈಕಲ್ ಬಂದಿತ್ತು, ಹುಂಜ ಹಾರಿಹೋಗಿತ್ತು. ಜೀಪು ಜೋರಾದ ಮೇಲಂತೂ ‘ಕೇಳಿಸಲಿಲ್ಲ, ಕೇಳಿಸಲಿಲ್ಲ’ ಎಂದೇ ಇತ್ತು. ಅಷ್ಟು ಸಲ ಆ ಮಾತನ್ನು ಬಾಯಿಬಿಟ್ಟು ಹೇಳುವಾಗ ಆ ಹಿರಿಯರಿಗೆ ಏನಾಗಿರಬೇಕೆಂದು ನೆನೆದು ನನಗೆ ಸಂಕಟವಾಯಿತು.

ಆಮೇಲೆ ನಮ್ಮ ಹಾಳೆ. ಮೇಜರು ತಮ್ಮದರಿಂದ ಒಂದು ಸಾಲು, ಗುಮಾಸ್ತನದರಿಂದ ಒಂದು ಸಾಲು ಓದುತ್ತಾ ಹೋದರು. ಎತ್ತಿನ ಕೊಂಬಿಗೆ ಕಟ್ಟಿದ್ದ ಹಳದಿ ದಾರ ಬಂದಿತ್ತು. ಮೋಟುಗೋಡೆಯ ಮೇಲೆ ಒಣಗಲು ಹಾಕಿದ್ದ ಅಂಗಿ ಬಂದಿತ್ತು, ಅದರ ಹರಿದ ತೋಳೂ ಬಂದಿತ್ತು. ಒಂದು ಪದ ಬಿಟ್ಟಿಲ್ಲ! ನನ್ನ ಎದೆ ಉಬ್ಬಿ ಉಬ್ಬಿ ಬರುತ್ತಿತ್ತು. ಆಗ ಗುಮಾಸ್ತನ ಹಾಳೆಯಲ್ಲಿ ಒಂದು ಕಡೆ ಮೇಜರು ತಡೆದು ನಿಂತರು. “ಎಡಗಡೆ ಯಲಹಂಕದ... ಕೇಳಿಸಲಿಲ್ಲ.”

ನಾವು ತಗ್ಗಿನಲ್ಲಿದ್ದಾಗ ಶೆಡ್ಡಿನಲ್ಲಿ ಏನಾಗಿತ್ತೆಂದು ಮುಖ್ಯಸ್ಥರೇ ನನಗೆ ಆಮೇಲೆ ಹೇಳಿದರು. ಅಲ್ಲಿಯವರೆಗೆ ಗಿಳಿಯಂತೆ ಹೇಳುತ್ತಾ ಬಂದಿದ್ದ ಹವಾಲ್ದಾರ್ರು “ಎಡಗಡೆ ಯಲಹಂಕದ” ಎಂದು ಹೇಳಿ ನಿಂತುಬಿಟ್ಟರಂತೆ. ತಗ್ಗಿನಲ್ಲಿ ನಮ್ಮ ಸೆಟ್ಟು ಒಂದು ಗಳಿಗೆ ಸತ್ತಿತ್ತು. ಅಲ್ಲಿ ರಸ್ತೆಯ ಎಡಕ್ಕೆ ಇರುವುದು ಯಲಹಂಕದ ಕೆರೆ, ಅದು ಈ ಕಡೆಯವರಿಗೆಲ್ಲ ಗೊತ್ತು. ಪೂರ್ತಿ ಅಂಕ ಕೈತಪ್ಪುತ್ತದೆಂಬ ಆತಂಕಕ್ಕೆ ಮುಖ್ಯಸ್ಥರು ಹಿಂದಿನಿಂದ ಬಗ್ಗಿ, “ಕೆರೆ ಕಣ್ರೀ, ಕೆರೆ ಅನ್ನಿ,” ಎಂದು ಪಿಸುಗುಟ್ಟಿದರಂತೆ. ಹವಾಲ್ದಾರ್ರು ತಿರುಗಿಯೂ ನೋಡದೆ ಸುಮ್ಮನಿರಿ ಎಂದು ಕೈ ಎತ್ತಿ, ಗುಮಾಸ್ತನಿಗೆ, “ಕೇಳಿಸ್ಲಿಲ್ಲ, ಬರ್ಕೊಳಪ್ಪ,” ಎಂದರಂತೆ.

ಮೇಜರು ತಮ್ಮ ಹಾಳೆಯ ಸಾಲನ್ನು ಗಟ್ಟಿಯಾಗಿ ಓದಿದರು. “ಎಡಗಡೆ ಯಲಹಂಕದ ಬಸ್ಸು ಕೆಟ್ಟು ನಿಂತಿದೆ. ಜನ ಇಳಿದು ತಳ್ಳುತ್ತಿದ್ದಾರೆ.”

ಮುಖ್ಯಸ್ಥರು ಪಕ್ಕದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಕೆರೆ ಎಂದಿದ್ದರೆ? ಒಂದು ಪದ ಊಹೆ ಎಂದು ಮೇಜರಿಗೆ ತಿಳಿದ ಮೇಲೆ ಮಿಕ್ಕ ಪದಗಳನ್ನು ಅವರು ಯಾಕೆ ನಂಬಬೇಕು? ಹಳದಿ ದಾರ, ಹರಿದ ತೋಳು, ನನ್ನ ಲಿಮಿಟರ್, ನಮ್ಮ ಅಷ್ಟು ತಿಂಗಳ ದುಡಿತ, ಎಲ್ಲ ಆ ಒಂದು ಕೆರೆಯಲ್ಲಿ ಮುಳುಗುತ್ತಿತ್ತು.

ಮೇಜರು ಹಾಳೆ ಮಡಿಸಿದರು. “ನಿಮ್ಮ ಸೆಟ್ಟು ತಗ್ಗಲ್ಲಿ ಸಾಯುತ್ತೆ. ಮಿಕ್ಕ ಕಡೆ ಸಾಯಲ್ಲ. ಎರಡೂ ಈಗ ನನಗೆ ಗೊತ್ತು. ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಅಂತ ಗೊತ್ತಿರೋ ಸೆಟ್ಟೇ ನನಗೆ ಬೇಕಾಗಿರೋದು. ಇದನ್ನೇ ತಗೋತೀವಿ,” ಎಂದರು. ಆಮೇಲೆ ಹವಾಲ್ದಾರ್ರ ಕಡೆ ತಿರುಗಿ, “ಒಂದು ಮಾತು ಕೇಳ್ತೀನಿ. ಆ ತಗ್ಗಲ್ಲಿ ಎಡಕ್ಕೆ ಕೆರೆ ಇರೋದನ್ನ ನಾನೂ ನೋಡಿದೆ. ನಿಮಗೂ ಗೊತ್ತಿತ್ತಲ್ವಾ? ಯಾಕೆ ಹೇಳಲಿಲ್ಲ?” ಎಂದು ಕೇಳಿದರು.

ಹವಾಲ್ದಾರ್ರು ಎದ್ದು, ಫೌಜಿನಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತರು. “ಗೊತ್ತಿತ್ತು ಸಾರ್. ಬಾಯಿ ತನಕ ಬಂದಿತ್ತು. ಆದ್ರೆ ನಾಳೆ ಗಡೀಲಿ ಇದನ್ನ ಕಿವಿಗಿಟ್ಕೊಳೋ ಉಡುಗ ಯಾವೂರೋನೋ ಏನೋ. ಅವನಿಗೆ ಕೆರೆ ಗೊತ್ತಿರಲ್ಲ, ದಾರಿ ಗೊತ್ತಿರಲ್ಲ. ಅವನಿಗೆ ಎಷ್ಟು ಕೇಳಿಸ್ತದೋ ಇವತ್ತು ನನಗೂ ಅಷ್ಟೇ ಕೇಳಿಸ್ಬೇಕು.”

ಇಡೀ ಊರಿಗೇ ಕೇಳುವಂತೆ ಮಾತಾಡುವ ನಾನು, ಲಿಮಿಟರ್ ಮಾಡಿದೆನೆಂದು ಇಂದಿಗೂ ಬೀಗುವ ನಾನು, ಅಷ್ಟು ಜನ ಗಂಡಸರ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಗಳಗಳನೆ ಅತ್ತುಬಿಟ್ಟೆ. ಗೆದ್ದದ್ದಕ್ಕಲ್ಲ. ಆ ಮನುಷ್ಯನ ಜೊತೆ ಕೆಲಸ ಮಾಡಿದೆನಲ್ಲ, ಆ ಹೆಮ್ಮೆ ತಡೆಯಲಾರದೆ ಅತ್ತೆ.